ಶಾಲೆಯ ಹಿಂದಿನ ಹಾಸುಬಂಡೆ ಮತ್ತು ಒಂದು ಹಳೆಯ ಪ್ರಶ್ನೆ

ನಮ್ಮ ಶಾಲೆಯ ಹಿಂದಿನ ಹಾಸುಬಂಡೆಯ ಮೇಲೆ ಕೂತು ಬುತ್ತಿ ಉಂಡವರಲ್ಲಿ ನಾನೂ ಒಬ್ಬ. ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದೆ: "ಸಾರ್, ಮಳೆ ಬಿಸಿಲಿಗೆ ಈ ಬಂಡೆ ಎಷ್ಟು ಸವೆಯುತ್ತೆ?" ಅವರು ನಕ್ಕು, "ಅದನ್ನ ಅಳೆಯೋ ಕೋಲು ನನ್ನ ಹತ್ರ ಇಲ್ಲಪ್ಪ, ನೀನೇ ಓದಿ ಹುಡುಕು" ಎಂದಿದ್ದರು. ಆ ಕೋಲು ಹೇಗೆ ಸಿಕ್ಕಿತೆಂಬುದನ್ನು ಈ ಸುವರ್ಣ ಸಂಚಿಕೆಗಾಗಿ ಬರೆಯುತ್ತಿದ್ದೇನೆ.

ಈ ಕಥೆಯ ಒಂದು ಬೇರು ಬೆಂಗಳೂರಿನಲ್ಲಿದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಹೋಮಿ ಭಾಭಾ ಅಲ್ಲಿ ವಿಶ್ವಕಿರಣಗಳ ಸಂಶೋಧನೆ ಆರಂಭಿಸಿದರು. 1945ರಲ್ಲಿ ಅಲ್ಲಿಯೇ ಹುಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಮುಂಬಯಿಗೆ ಹೋಯಿತು. 1950ರ ದಶಕದಲ್ಲಿ ಆ ಸಂಸ್ಥೆಯ ಬರ್ನಾರ್ಡ್ ಪೀಟರ್ಸ್, ವಾರಾಣಸಿಯ ತರುಣ ದೇವೇಂದ್ರ ಲಾಲ್ ಮತ್ತು ಸಂಗಡಿಗರು, ವಿಶ್ವಕಿರಣಗಳಿಂದ ಹುಟ್ಟುವ ಐಸೋಟೋಪುಗಳನ್ನು ಮಳೆನೀರಿನಲ್ಲಿ, ಕಡಲತಳದ ಕೆಸರಿನಲ್ಲಿ ಹುಡುಕಿದರು.

ಬಂಡೆಯಲ್ಲೂ ಅವು ಹುಟ್ಟುತ್ತವೆ. ಆಕಾಶದಿಂದ ಬರುವ ಕಣಗಳು ಬೆಣಚುಕಲ್ಲಿನೊಳಗಿನ ಆಮ್ಲಜನಕದ ಪರಮಾಣುವನ್ನು ಒಡೆದಾಗ ಬೆರಿಲಿಯಂ-10 ಉಂಟಾಗುತ್ತದೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಕಲ್ಲಿಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಪರಮಾಣು, ಅಷ್ಟೆ. ಅದರ ಅರ್ಧಾಯುಷ್ಯ ಸುಮಾರು 14 ಲಕ್ಷ ವರ್ಷ. ಹಾಗಾಗಿ ಕೂಡುತ್ತಾ ಹೋಗುತ್ತದೆ. 60 ಸೆಂ.ಮೀ. ಆಳದಲ್ಲಿ ಈ ಉತ್ಪತ್ತಿ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಎರಡು ಮೂರು ಮೀಟರ್ ಕೆಳಗೆ ತೀರಾ ಅತ್ಯಲ್ಪ. ಬಂಡೆ ನಿಧಾನವಾಗಿ ಸವೆದರೆ ಮೇಲಿನ ಕಲ್ಲಿನಲ್ಲಿ ಹೆಚ್ಚು ಪರಮಾಣು ಕೂಡಿರುತ್ತವೆ. ಬೇಗ ಸವೆದರೆ ಕಡಿಮೆ. ಅವನ್ನು ಎಣಿಸಿದರೆ ಸವೆತದ ಲೆಕ್ಕ ಸಿಗುತ್ತದೆ.

ಇಷ್ಟು ವಿರಳವಾದ ಪರಮಾಣುಗಳನ್ನು ಎಣಿಸಲು 1980ರ ದಶಕದಲ್ಲಿ ವೇಗವರ್ಧಕ ಯಂತ್ರಗಳು ನೆರವಾದವು. 1991ರಲ್ಲಿ ಲಾಲ್ ಪ್ರಕಟಿಸಿದ ಸೂತ್ರಗಳು ಲೆಕ್ಕದ ದಾರಿ ತೋರಿದವು. ಇಂದು ಹೊಳೆಯ ಒಂದು ಹಿಡಿ ಮರಳಿನಿಂದ ಇಡೀ ಜಲಾನಯನ ಪ್ರದೇಶದ ಸರಾಸರಿ ಸವೆತವನ್ನು ತಿಳಿಯಬಹುದು.

ಹಳೆಯ ಗಟ್ಟಿನೆಲಗಳ ಬೋಳುಬಂಡೆಗಳು ಅನೇಕ ಕಡೆ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಸವೆಯುತ್ತವೆಂದು ಈ ಎಣಿಕೆ ಹೇಳಿದೆ. ಹಾಗಾದರೆ ಒಂದಡಿ ಕಲ್ಲು ಕರಗಿಸಲು ಮಳೆ ಬಿಸಿಲಿಗೆ ಹತ್ತಾರು ಸಾವಿರ ವರ್ಷ ಬೇಕು. ನಮಗೆ ಒಂದು ಬೆಳಗ್ಗೆ ಸಾಕು. ಆ ಹಾಸುಬಂಡೆಯ ಅರ್ಧ ಈಗ ಜಲ್ಲಿಯಾಗಿ ಹೋಗಿದೆ. ಲೆಕ್ಕ ಬರೆದಿರುವುದು ಮೇಲಿನ ಎರಡು ಮೂರು ಮೀಟರಿನಲ್ಲೇ ಆದ್ದರಿಂದ, ಕಲ್ಲಿನ ಜೊತೆಗೆ ಆ ಲೆಕ್ಕವೂ ಹೋಯಿತು.

ಉಳಿದರ್ಧವನ್ನಾದರೂ ಊರಿನವರು ಉಳಿಸಿಕೊಳ್ಳಬೇಕೆಂದು ಬೇಡುತ್ತೇನೆ. ಮೇಷ್ಟ್ರು ಈಗಿಲ್ಲ. ಅವರ ಕೋಲು ಸಿಕ್ಕಿದೆ. ನಮ್ಮ ಬಂಡೆಯನ್ನು ಇನ್ನೂ ಯಾರೂ ಅಳೆದಿಲ್ಲ. ಈ ಶಾಲೆಯ ಮಗುವೊಂದು ಮುಂದೆ ಅಳೆಯಲು ಬಂದಾಗ ಅಲ್ಲಿ ಬಂಡೆ ಇರಲಿ.