ಪೆಟ್ಟಿಗೆ, ಬಾಣಲೆ, ಕೊಳವೆ: ಬಿಸಿಲಲ್ಲಿ ಬೇಯಿಸಿದವರ ಕಥೆ

ಸೋಲಾರ್ ಓವನ್ ಹುಡುಕಲು ಹೊರಟರೆ ಹೆಸರುಗಳು ನೂರು ಸಿಗುತ್ತವೆ, ಆಕಾರಗಳು ಮಾತ್ರ ಮೂರೇ: ಗಾಜಿನ ಮುಚ್ಚಳದ ಪೆಟ್ಟಿಗೆ, ಬಾಣಲೆಯಾಕಾರದ ಕನ್ನಡಿ, ಗಾಜಿನ ಕೊಳವೆ. ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಇರುವ ನಮ್ಮವರು "ಯಾವುದು ತಗೊಳ್ಳೋದು?" ಅಂತ ಕೇಳಿದರೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದು ಸಂಖ್ಯೆ. ಇದು ಇಷ್ಟು ಡಿಗ್ರಿ ಬಿಸಿಯಾಗುತ್ತೆ, ಅದು ಅಷ್ಟು. ಸಂಖ್ಯೆಗಳೇ ನನ್ನ ಹೊಟ್ಟೆಪಾಡು, ಆದರೂ ಹೇಳ್ತೀನಿ: ಇಲ್ಲಿ ಆ ಸಂಖ್ಯೆಯಿಂದ ಹೆಚ್ಚು ಉಪಯೋಗವಿಲ್ಲ. ಈ ಮೂರು ಆಕಾರಗಳು ಎಲ್ಲಿ, ಯಾರಿಗಾಗಿ ಹುಟ್ಟಿದವು ಅಂತ ನೋಡಿದರೆ ಆಯ್ಕೆ ಸುಲಭವಾಗುತ್ತೆ.

ಪೆಟ್ಟಿಗೆಯೇ ಹಿರಿಯ. 1767ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಒಂದರೊಳಗೊಂದು ಗಾಜಿನ ಡಬ್ಬಿ ಇಟ್ಟು ಬಿಸಿಲಿಗೆ ಹಿಡಿದರು. ಮುಂದೆ ಸುಧಾರಿಸಿದ ಪೆಟ್ಟಿಗೆಯ ಒಳಗೆ ನೀರು ಕುದಿಯುವುದಕ್ಕಿಂತ ಹೆಚ್ಚು ಬಿಸಿ ಸಿಕ್ಕಿತು. ಅದನ್ನು ಅವರು ಬೆಟ್ಟದ ತುದಿಗೂ ಹೊತ್ತರು. ಅಲ್ಲಿ ಗಾಳಿ ಕೊರೆಯುತ್ತಿತ್ತು, ಪೆಟ್ಟಿಗೆಯೊಳಗಿನ ಬಿಸಿ ಮಾತ್ರ ಹೆಚ್ಚುಕಮ್ಮಿ ಕೆಳಗಿನಷ್ಟೇ ಇತ್ತು. ಅಂದರೆ ಅಡುಗೆಗೆ ಮುಖ್ಯವಾದದ್ದು ಹವೆಯ ಸೆಕೆ ಅಲ್ಲ, ನೇರ ಬಿಸಿಲು. ಚಳಿಯ ಮೆಲ್ಬರ್ನ್‌ನವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

1830ರ ದಶಕದಲ್ಲಿ ಖಗೋಳವಿಜ್ಞಾನಿ ಜಾನ್ ಹರ್ಷೆಲ್ ಆಫ್ರಿಕಾದ ಕೇಪ್ ಟೌನಿನಲ್ಲಿ ಇಂಥದೇ ಪೆಟ್ಟಿಗೆಯಲ್ಲಿ ಮೊಟ್ಟೆ, ಮಾಂಸ ಬೇಯಿಸಿದರು. ಭೂಪಟ ತೆಗೆದು ನೋಡಿ: ಕೇಪ್ ಟೌನ್, ಸಿಡ್ನಿ ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ದಕ್ಷಿಣ 34 ಡಿಗ್ರಿ. ಸಿಡ್ನಿಯ ಬಿಸಿಲಲ್ಲಿ ಬೇಯುತ್ತಾ ಅನ್ನೋ ಪ್ರಶ್ನೆಗೆ ಹತ್ತಿರಹತ್ತಿರ ಇನ್ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು ಅಂತಾಯ್ತು.

ಕನ್ನಡಿಗಳ ಕಥೆಗೆ ನಮ್ಮ ಕಡೆ ಬರಬೇಕು. ಬಾಂಬೆ ಹೈಕೋರ್ಟಿನ ಡೆಪ್ಯುಟಿ ರಿಜಿಸ್ಟ್ರಾರ್ ಆಗಿದ್ದ ವಿಲಿಯಂ ಆಡಮ್ಸ್ ಎಂಟು ಕನ್ನಡಿಗಳನ್ನು ಸುತ್ತ ಜೋಡಿಸಿ ಒಂದು ಕುಕ್ಕರ್ ಮಾಡಿದರು. ಉಷ್ಣ ದೇಶಗಳಲ್ಲಿ ಸೌದೆಯ ಬದಲು ಸೂರ್ಯನ ಶಾಖ ಬಳಸಬೇಕು ಅಂತ 1878ರಲ್ಲಿ ಪುಸ್ತಕವನ್ನೇ ಬರೆದರು. ಅವರ ಲೆಕ್ಕದಲ್ಲಿ ಊಟ ಮಾಡುವವರು ಏಳು ಜನ ಸೈನಿಕರು. ಬೇಯಿಸುವವರು ಯಾರು, ಅವರು ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಬೇಕು ಅನ್ನೋದು ಲೆಕ್ಕಕ್ಕೇ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಕಥೆ ಬದಲಾಗಲಿಲ್ಲ. 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅಲ್ಯುಮಿನಿಯಂ ಬಾಣಲೆಯ ಕುಕ್ಕರ್ ರೂಪಿಸಿ ಮಾರುಕಟ್ಟೆಗೂ ತಂದಿತು. ಭೌತಶಾಸ್ತ್ರದಲ್ಲಿ ಏನೂ ದೋಷ ಇರಲಿಲ್ಲ, ನೀರು ಚೆನ್ನಾಗಿ ಕುದೀತಿತ್ತು. ಆದರೆ ಸೂರ್ಯ ಸರಿದ ಹಾಗೆ ಬಾಣಲೆಯನ್ನು ಮತ್ತೆ ಮತ್ತೆ ತಿರುಗಿಸಬೇಕು, ಅಡುಗೆಯವಳು ಮಟಮಟ ಮಧ್ಯಾಹ್ನ ಅಂಗಳದಲ್ಲಿ ನಿಲ್ಲಬೇಕು, ರಾತ್ರಿಯ ಊಟಕ್ಕೆ ಅದು ಕೆಲಸಕ್ಕೇ ಬರೋದಿಲ್ಲ. ಜನ ಕೊಳ್ಳಲಿಲ್ಲ. ಜನಕ್ಕೆ ವಿಜ್ಞಾನ ಅರ್ಥವಾಗಲಿಲ್ಲ ಅಂತ ದೂರೋದು ಸುಲಭ. ಅರ್ಥವಾಗದೆ ಉಳಿದದ್ದು ಅಡುಗೆಮನೆ.

ಆ ಅಡುಗೆಮನೆಯನ್ನು ಲೆಕ್ಕಕ್ಕೆ ತಂದವರಲ್ಲಿ ಬೆಂಗಳೂರಿನವರೂ ಇದ್ದಾರೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಶುರುವಾಯಿತು. ಕುಣಿಗಲ್ ತಾಲೂಕಿನ ಪುರ ಮುಂತಾದ ಹಳ್ಳಿಗಳಲ್ಲಿ ಅವರು ಸೌದೆಯ ತೂಕ ಮಾತ್ರ ಅಳೆಯಲಿಲ್ಲ. ಸೌದೆ ತರಲು, ನೀರು ಹೊರಲು, ಬೇಯಿಸಲು ಹೆಂಗಸರು, ಗಂಡಸರು, ಮಕ್ಕಳು ಎಷ್ಟೆಷ್ಟು ಗಂಟೆ ದುಡಿಯುತ್ತಾರೆ ಅಂತಲೂ ಬರೆದುಕೊಂಡರು. ದತ್ತಾಂಶದ ಕೆಲಸ ಮಾಡುವವನಾಗಿ ಇದು ನನಗೆ ದೊಡ್ಡ ಪಾಠ: ಯಾವ ಕಾಲಂ ಇಟ್ಟುಕೊಳ್ತೀವಿ ಅನ್ನೋದರ ಮೇಲೆ ಉತ್ತರ ನಿಂತಿರುತ್ತೆ. ಅದೇ ಗುಂಪು ಮುಂದೆ ಕೊಟ್ಟ ಹೆಸರಾಂತ 'ಅಸ್ತ್ರ ಒಲೆ' ಸೌದೆಯದೇ ಆಗಿತ್ತು, ಮನೆಯ ಒಳಗೇ ಇತ್ತು.

ಈಗ ಆಸ್ಟ್ರೇಲಿಯಾಕ್ಕೆ ಬರೋಣ. 1980ರ ದಶಕದಲ್ಲಿ ಭಾರತದಲ್ಲಿ ಸಬ್ಸಿಡಿಯಲ್ಲಿ ಸಿಗುತ್ತಿದ್ದ ಸೋಲಾರ್ ಕುಕ್ಕರ್ ನಿಮಗೆ ನೆನಪಿರಬಹುದು: ಸೂಟ್‌ಕೇಸಿನಂಥ ಪೆಟ್ಟಿಗೆ, ಒಳಗೆ ಕಪ್ಪು ಡಬ್ಬಿಗಳು, ಮಟ್ಟಸವಾದ ಗಾಜು, ಮುಚ್ಚಳಕ್ಕೊಂದು ಕನ್ನಡಿ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ. ಮೆಲ್ಬರ್ನ್‌ನ ಜೂನ್‌ನಲ್ಲಿ 29 ಡಿಗ್ರಿ, ಸಿಡ್ನಿಯಲ್ಲಿ 33. ಹಾಗಾಗಿ ಮೆಲ್ಬರ್ನ್ ಚಳಿಗಾಲದಲ್ಲಿ ಮಟ್ಟಸ ಗಾಜಿಗೆ ಬೀಳೋದು, ಅದೇ ಗಾಜನ್ನು ಸೂರ್ಯನಿಗೆ ನೇರ ತಿರುಗಿಸಿದರೆ ಸಿಗೋದರ ಅರ್ಧಕ್ಕಿಂತ ಕಡಿಮೆ. ಊರಿಂದ ಆ ಪೆಟ್ಟಿಗೆ ತರಿಸೋ ಯೋಚನೆ ಇದ್ದರೆ ಬಿಡಿ. 1950ರ ದಶಕದಲ್ಲಿ ಅಮೆರಿಕದ ಮರಿಯಾ ಟೆಲ್ಕೆಸ್ ರೂಪಿಸಿದ ಓರೆ ಗಾಜಿನ, ಸುತ್ತ ಕನ್ನಡಿ ರೆಕ್ಕೆಗಳ ಓವನ್ ಇಲ್ಲಿಗೆ ಸರಿ. ಹಾಂ, ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರ್ತಾನೆ, ಓವನ್ನಿನ ಮುಖವೂ ಆ ಕಡೆಗೇ ಇರಲಿ.

ಮೂರನೆಯದು ಕೊಳವೆ. ಎರಡು ಪದರದ ಗಾಜು, ನಡುವೆ ಗಾಳಿಯೇ ಇಲ್ಲ, ಥರ್ಮಾಸ್ ಫ್ಲಾಸ್ಕಿನ ಹಾಗೆ. ಒಳಗಾಜಿಗೆ ಬಿಸಿಲನ್ನು ಹೀರಿಕೊಂಡು ಶಾಖವನ್ನು ಹೊರಬಿಡದ ಲೇಪನ. ಈ ಲೇಪನದ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಸಿಡ್ನಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ, 1970ರ ದಶಕದ ಕೊನೆಗೆ. ಜೆಫ್ ಹಾರ್ಡಿಂಗ್, ಬ್ರಯಾನ್ ವಿಂಡೋ ಮತ್ತಿತರರು ಅಲ್ಲಿ ಅದನ್ನು ಬೆಳೆಸಿದರು. ಬೀಜಿಂಗಿನ ತ್ಸಿಂಗ್ವಾ ವಿಶ್ವವಿದ್ಯಾಲಯದ ಯಿನ್ ಝಿಚಿಯಾಂಗ್ ಆ ಗುಂಪಿನೊಡನೆ ಕೆಲಸ ಮಾಡಿದ್ದರು. ಮುಂದೆ ಚೀನಾದ ಕಾರ್ಖಾನೆಗಳು ಇಂಥ ಕೊಳವೆಗಳನ್ನು ನೀರು ಕಾಯಿಸಲು ಅಗ್ಗವಾಗಿ, ಕೋಟಿಗಟ್ಟಲೆ ಮಾಡಿದವು. ಇವತ್ತಿನ ಕೊಳವೆ ಓವನ್ ಆ ನೀರಿನ ಹೀಟರಿನ ತಮ್ಮ. ಗಾಳಿ ಬೀಸಲಿ, ಚಳಿ ಇರಲಿ, ಬಿಸಿಲೊಂದಿದ್ದರೆ ಬೇಯುತ್ತೆ. ತೊಂದರೆ ಒಂದೇ: ಕೊಳವೆ ಸಣ್ಣದು. ತರಕಾರಿ, ಮೀನು ಆದೀತು. ಅದರೊಳಗೆ ಕೋಲು ಹಾಕಿ ಮುದ್ದೆ ತೊಳಸೋಕಾಗುತ್ತಾ?

ಅದೇ ಊರಿನಲ್ಲಿ, ಕೆಲವೇ ಕಿಲೋಮೀಟರ್ ದೂರದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ, ಸೋಲಾರ್ ಓವನ್ನಿನ ನಿಜವಾದ ಎದುರಾಳಿಯೂ ಬೆಳೆಯುತ್ತಿತ್ತು. 1985ರಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 20% ದಕ್ಷತೆಯ ಸಿಲಿಕಾನ್ ಸೌರಕೋಶ ಮಾಡಿ ತೋರಿಸಿತು. ಇವತ್ತು ಆಸ್ಟ್ರೇಲಿಯಾದಲ್ಲಿ ಸುಮಾರು ಮೂರು ಮನೆಗೊಂದರಂತೆ ಚಾವಣಿಯಲ್ಲಿ ಸೌರಫಲಕವಿದೆ. ವಿಕ್ಟೋರಿಯಾದಲ್ಲಿ 2024ರ ಜನವರಿ 1ರಿಂದ, ಪ್ಲಾನಿಂಗ್ ಪರ್ಮಿಟ್ ಬೇಕಾಗುವ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕವೇ ಇಲ್ಲ. ಲೆಕ್ಕ ಹಾಕಿ: ಅರ್ಧ ಮೀಟರ್ ಚೌಕದ ಗಾಜಿಗೆ ಒಳ್ಳೆ ಬಿಸಿಲಲ್ಲಿ ಸುಮಾರು 250 ವಾಟ್ ಬೀಳುತ್ತೆ. ಅದರಲ್ಲಿ ಅರ್ಧ ಪಾತ್ರೆಗೆ ಸೇರಿದರೂ ಒಂದು ಲೀಟರ್ ನೀರು ಕುದಿಯಲು ಮುಕ್ಕಾಲು ಗಂಟೆ. 2000 ವಾಟಿನ ಇಂಡಕ್ಷನ್ ಒಲೆಗೆ ಸಾಕಾಗೋದು ನಾಲ್ಕೇ ನಿಮಿಷ. ಚಾವಣಿಯಲ್ಲಿ ಫಲಕ ಇದ್ದರೆ ಅದೂ ಬಿಸಿಲ ಅಡುಗೆಯೇ ಅಲ್ವಾ?

ಹಾಗಾದರೆ ಓವನ್ ಯಾರಿಗೆ? ಬಾಡಿಗೆ ಮನೆಯಲ್ಲಿದ್ದು ಚಾವಣಿ ಮುಟ್ಟಲಾಗದವರಿಗೆ. ಬೇಸಿಗೆಯಲ್ಲಿ ಮನೆಯೊಳಗೆ ಒಲೆ ಉರಿಸಿ, ಆಮೇಲೆ ಏಸಿ ಹಾಕೋದು ಬೇಡ ಅನ್ನೋರಿಗೆ. ಅವರ ಕೈಗೆ ನಾನು ಕೊಡೋದು ಓರೆ ಗಾಜಿನ ಪೆಟ್ಟಿಗೆ. ಅನ್ನ, ತೊಗರಿಬೇಳೆ, ನೆನೆಸಿದ ಹುರುಳಿ, ಕಡಲೆಕಾಳು ಅದರಲ್ಲಿ ತಳ ಹತ್ತದೆ ತಾನಾಗೇ ಬೇಯುತ್ತೆ. ಒಗ್ಗರಣೆ, ದೋಸೆ, ಮುದ್ದೆಗೆ ಒಳಗಿನ ಒಲೆಯೇ ಗತಿ. ಒಬ್ಬರು, ಇಬ್ಬರು ಇರುವ ಮೆಲ್ಬರ್ನ್ ಮನೆಗೆ ಕೊಳವೆ ಆದೀತು. ಬಾಣಲೆ ಬೇಡ. ಅದರ ಕಿರಣ ಒಣಹುಲ್ಲಿಗೆ ಬಿದ್ದರೆ ಹೊತ್ತಿಕೊಳ್ಳಬಹುದು, ಕಣ್ಣಿಗೂ ಅಪಾಯ. ಟೋಟಲ್ ಫೈರ್ ಬ್ಯಾನ್ ಘೋಷಿಸೋ ದೇಶದಲ್ಲಿ ಆ ಉಸಾಬರಿ ಯಾಕೆ?

ಕೊಳ್ಳುವ ಮುಂಚೆ ಒಂದು ವಾರ ಹೀಗೆ ಬರೆದಿಡಿ: ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಹಿತ್ತಲಲ್ಲೋ ಬಾಲ್ಕನಿಯಲ್ಲೋ ಬಿಸಿಲು ಎಲ್ಲಿ ಬೀಳುತ್ತೆ, ಆಗ ಮನೆಯಲ್ಲಿ ಯಾರಿರ್ತಾರೆ, ಪಾತ್ರೆ ಹೊರಗಿಟ್ಟು ತರೋರು ಯಾರು. ಮೂರನೇ ಕಾಲಮ್ಮಿನಲ್ಲಿ ಏಳು ದಿನವೂ ಒಬ್ಬರದೇ ಹೆಸರು ಬಂದರೆ, ಯಾವ ಓವನ್ ಅನ್ನೋದನ್ನ ಅವರೇ ಹೇಳಲಿ.