ಮೈಸೂರಿನ ಯೆಜ್ಡಿ ನಮ್ಮೂರ ರಸ್ತೆಯಿಂದ ದೂರ ಹೋಗಿದ್ದು ಹೇಗೆ?

ಬ್ಯಾಡಗಿ, ಹಾವೇರಿ, ರಾಣೇಬೆನ್ನೂರಿನ ಕಡೆ ಐವತ್ತು ದಾಟಿದ ಯಾರನ್ನಾದರೂ ಯೆಜ್ಡಿ ಬಗ್ಗೆ ಕೇಳಿ ನೋಡಿ. ಮೊದಲು ಅದರ ಸಪ್ಪಳದ ಮಾತೇ ಬರುತ್ತದೆ. ಗಾಡಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಇವತ್ತು ಅದೇ ಹೆಸರಿನ ಗಾಡಿ ಮತ್ತೆ ಶೋರೂಮಿನಲ್ಲಿದೆ. ಆದರೆ ಮೆಣಸಿನಕಾಯಿ ಬೆಳೆಯುವವರ ಮನೆ ಮುಂದೆ ನಿಲ್ಲುವುದು ಹೆಚ್ಚಾಗಿ 100, 125 ಸಿಸಿ ಗಾಡಿಗಳೇ. ಯಾಕೆ ಹೀಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರಿನ ಕಾರ್ಖಾನೆ

1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ರುಸ್ತುಂ ಇರಾನಿ ಮತ್ತು ಎಫ್.ಕೆ. ಇರಾನಿ ಅದರ ಹಿಂದಿದ್ದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಸಿಕ್ಕಿತು. ಮೂಲ ಕಂಪನಿ ಜೆಕೊಸ್ಲೊವಾಕಿಯಾದ್ದು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರ ಸೇರಿಸಿ 1929ರಲ್ಲಿ 'ಜಾವಾ' ಆಗಿತ್ತು. 1961ರಿಂದ ಮೈಸೂರಿನಲ್ಲೇ ಜಾವಾ ತಯಾರಾಯಿತು. 1973ರಿಂದ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು.

250 ಸಿಸಿಯ ಟೂ ಸ್ಟ್ರೋಕ್ ಇಂಜಿನ್ನು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರಿನಲ್ಲಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಇಂಜಿನ್ನಿನಲ್ಲಿ ಭಾಗಗಳು ಕಡಿಮೆ, ಹಾಗಾಗಿ ರಿಪೇರಿ ಸುಲಭ. ಸಣ್ಣ ಊರಿನ ಮೇಸ್ತ್ರಿಯೂ ನಾಲ್ಕು ಪಾನಾ ಇಟ್ಟುಕೊಂಡು ಬಿಚ್ಚಿ ಜೋಡಿಸುತ್ತಿದ್ದ. ಕೆಟ್ಟ ರಸ್ತೆಗೂ ಜಗ್ಗದ ಗಾಡಿ ಎಂಬ ಹೆಸರು ಬಂದಿದ್ದು ಹೀಗೆ.

ಗಿರಾಕಿಯ ಲೆಕ್ಕ ಬದಲಾಯಿತು

ಆ ಕಾಲ ಲೈಸೆನ್ಸ್ ಕಾಲ. ಯಾವ ಕಂಪನಿ ಎಷ್ಟು ಗಾಡಿ ಮಾಡಬೇಕು ಎಂಬುದಕ್ಕೆ ಸರ್ಕಾರದ ಅಪ್ಪಣೆ ಬೇಕಿತ್ತು. ಗಾಡಿ ಕಡಿಮೆ, ಬೇಕೆನ್ನುವವರು ಹೆಚ್ಚು. ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರು ಎಷ್ಟೋ ಜನ. ಹೀಗೆ ಜನ ಸಾಲು ನಿಂತಾಗ, ನಿಮಗೇನು ಬೇಕು ಎಂದು ಅವರನ್ನು ಕೇಳುವ ಅಗತ್ಯ ಯಾವ ಕಂಪನಿಗೂ ಬೀಳುವುದಿಲ್ಲ.

1980ರ ದಶಕದಲ್ಲಿ ಸರ್ಕಾರ ಸಣ್ಣ ಇಂಜಿನ್ನಿನ ಗಾಡಿಗಳಿಗೆ ಜಪಾನ್ ಕಂಪನಿಗಳ ಜೊತೆ ಕೈಜೋಡಿಸಲು ದಾರಿ ಬಿಟ್ಟಿತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಬಂದವು. ಸಿಡಿ 100 ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೇ ಇಲ್ಲ. ಲೀಟರಿಗೆ 80 ಕಿ.ಮೀ. ಎಂದು ಜಾಹೀರಾತು ಹೇಳಿತು.

ನಾವೇ ಒಂದು ಲೆಕ್ಕ ಹಾಕೋಣ. ದಿನಕ್ಕೆ 40 ಕಿ.ಮೀ. ಓಡಾಡುವ ಹಾಲಿನವನೊಬ್ಬ ಇದ್ದಾನೆ ಎನ್ನಿ. ಯೆಜ್ಡಿ ಲೀಟರಿಗೆ 30 ಕೊಟ್ಟರೆ ಅವನಿಗೆ ದಿನಕ್ಕೆ 1.3 ಲೀಟರ್ ಬೇಕು. ಜಾಹೀರಾತಿನ 80 ಬಿಡಿ, 60 ಎಂದೇ ಹಿಡಿದರೂ ಸಿಡಿ 100ಕ್ಕೆ ಮುಕ್ಕಾಲು ಲೀಟರ್ ಸಹ ಬೇಡ. ತಿಂಗಳಿಗೆ 25 ದಿನ ಎಂದರೆ 16 ಲೀಟರಿಗೂ ಹೆಚ್ಚು ಉಳಿತಾಯ. ಗಾಡಿಯ ಕಂತಿನಲ್ಲಿ ದೊಡ್ಡ ಪಾಲು ಪೆಟ್ರೋಲಿನ ಉಳಿತಾಯದಲ್ಲೇ ಹುಟ್ಟುತ್ತದೆ. ಇಂಥ ಲೆಕ್ಕದ ಮುಂದೆ ಯಾವ ಸಪ್ಪಳವೂ ನಿಲ್ಲುವುದಿಲ್ಲ.

ಯೆಜ್ಡಿ ಸುಮ್ಮನೆ ಕೂತಿರಲಿಲ್ಲ. 175 ಸಿಸಿ ಗಾಡಿಯನ್ನೂ ತಂದಿತು. ಆದರೆ ಅದರ ಜೀವಾಳ ಹಳೆಯ ಟೂ ಸ್ಟ್ರೋಕ್ ಇಂಜಿನ್ನೇ ಆಗಿ ಉಳಿಯಿತು. 1991ರಲ್ಲಿ ಹೊಗೆಯ ಮೇಲೆ ನಿಯಮ ಬಂತು, 1996ರಲ್ಲಿ ಅದು ಇನ್ನೂ ಬಿಗಿಯಾಯಿತು. ಕಾರ್ಮಿಕರ ತಂಟೆಯೂ ಸೇರಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿ ಗಟ್ಟಿಯಾಗಿಯೇ ಇತ್ತು, ಅದನ್ನು ಕೊಳ್ಳುವವನ ಬದುಕು ಬದಲಾಗಿತ್ತು.

ಮತ್ತೆ ಬಂದ ಹೆಸರು

ಮುಚ್ಚಿದ ಮೇಲೆ ಒಂದು ವಿಚಿತ್ರ ನಡೆಯಿತು. ಗುಜರಿಗೆ ಹೋಗಬೇಕಿದ್ದ ಗಾಡಿಗಳನ್ನು ಹುಡುಕಿ ಕೊಳ್ಳುವವರು ಹುಟ್ಟಿಕೊಂಡರು. ಬೆಂಗಳೂರು, ಮೈಸೂರಿನಲ್ಲಿ ಜಾವಾ-ಯೆಜ್ಡಿ ಕ್ಲಬ್ಬುಗಳಾದವು. ದುಡಿಯುವವನ ಗಾಡಿ ಹವ್ಯಾಸದವನ ಗಾಡಿಯಾಯಿತು.

ಮಹೀಂದ್ರಾ ಪಾಲು ಹೊಂದಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನು, 2022ರ ಜನವರಿಯಲ್ಲಿ ಯೆಜ್ಡಿಯನ್ನು ಮತ್ತೆ ತಂದಿತು. ರುಸ್ತುಂ ಇರಾನಿ ಅವರ ಮಗ ಬೊಮನ್ ಇರಾನಿ ಕೂಡ ಅದರ ಪಾಲುದಾರರು. ಈ ಸಲ ಕಾರ್ಖಾನೆ ಮಧ್ಯಪ್ರದೇಶದ ಪೀತಂಪುರದಲ್ಲಿ. ಜಾವಾ ಬೆಲೆ ಶುರುವಿನಲ್ಲೇ ಒಂದೂವರೆ ಲಕ್ಷ ದಾಟಿತ್ತು, ಯೆಜ್ಡಿ ಎರಡು ಲಕ್ಷದ ಹತ್ತಿರ. ಅದೂ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಬಿಟ್ಟು.

ದುಬಾರಿ ಗಾಡಿ ಮಾಡುವುದು ತಪ್ಪೇನಲ್ಲ. ಆದರೆ ನಮ್ಮಪ್ಪಂದಿರ ನೆನಪನ್ನು ತೋರಿಸಿ ಮಾರುವ ಗಾಡಿಯನ್ನು ಆ ನೆನಪು ಕಟ್ಟಿದ ಮನೆಗಳೇ ಕೊಳ್ಳಲಾಗದಿದ್ದರೆ, ಸಂಬಂಧ ಎಲ್ಲೋ ಕಡಿದಿದೆ ಎಂದೇ ಅರ್ಥ.

ಅಮೆರಿಕದ ಹಾರ್ಲೆ-ಡೇವಿಡ್ಸನ್ ಕಥೆಯೂ ಇದಕ್ಕೆ ಹತ್ತಿರ. ಹರಿಯಾಣದ ಬಾವಲ್‌ನಲ್ಲಿ ಘಟಕ ಹಾಕಿದರೂ ಸಾಕಷ್ಟು ಗಿರಾಕಿ ಸಿಗದೆ 2020ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ಆಮೇಲೆ ಕೈ ಹಿಡಿದಿದ್ದು ಯಾರನ್ನು? ಹೀರೋ ಕಂಪನಿಯನ್ನು. 1985ರಲ್ಲಿ ಹೋಂಡಾ ಜೊತೆ ಸೇರಿ ಹಾಲಿನವನ ಲೆಕ್ಕ ಹಾಕಿದ ಅದೇ ಹೀರೋ.

ಬ್ಯಾಡಗಿಯವರಿಗೆ ಇದರಲ್ಲಿ ತಿಳಿಯುವುದು ಇನ್ನೂ ಇದೆ. ನಮ್ಮ ಊರೂ ಒಂದು ಬ್ರ್ಯಾಂಡೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಬಣ್ಣಕ್ಕೆ ಹೊರದೇಶದಲ್ಲೂ ಬೇಡಿಕೆ ಇದೆ. ಆದರೆ ನಮ್ಮ ಮಾರುಕಟ್ಟೆಗೆ ಬರುವ ಮಾಲಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಪಾಲು ದೊಡ್ಡದು. ಹೆಸರು ಊರಲ್ಲಿ ಹುಟ್ಟಿದರೂ ಅದರ ಲಾಭ ಊರಲ್ಲೇ ಉಳಿಯಬೇಕೆಂದಿಲ್ಲ. ಯೆಜ್ಡಿ ಹೆಸರು ಉಳಿಯಿತು, ಮೈಸೂರಿನ ಕಾರ್ಖಾನೆ ಉಳಿಯಲಿಲ್ಲ. ನಮ್ಮ ಹೆಸರನ್ನು ಯಾರು, ಯಾರಿಗಾಗಿ ಮಾರುತ್ತಿದ್ದಾರೆ ಎಂದು ಕೇಳುವ ಕೆಲಸ ನಾವೇ ಮಾಡಬೇಕು.