ಹಲವು ಕೈ, ಒಂದೇ ಹೊತ್ತಗೆ

ಒಬ್ಬನೇ ಕುಳಿತು ಒಂದು ಗ್ರಂಥವನ್ನು ಬರೆದರೆ ಅದರ ಕಾಗುಣಿತ, ಕ್ರಮ, ಶೈಲಿಗಳೆಲ್ಲ ಅವನ ಇಚ್ಛೆಗೆ ಸೇರಿದವು. ನೂರು ಜನ ಕೂಡಿ ಬರೆಯುವ ಗ್ರಂಥಕ್ಕೆ ಆ ಸ್ವಾತಂತ್ರ್ಯವಿಲ್ಲ. ಒಂದೇ ಊರಿನ ಹೆಸರನ್ನು ಇಬ್ಬರು ಎರಡು ಬಗೆಯಾಗಿ ಬರೆದಾರು. ಒಬ್ಬ ಕೇಳಿದ್ದನ್ನೇ ದಿಟವೆಂದು ಬರೆದಾನು. ಮತ್ತೊಬ್ಬ ಅಭಿಮಾನದ ಭರದಲ್ಲಿ ತನ್ನ ಊರನ್ನು ಅಮರಾವತಿಗೆ ಸರಿಗಟ್ಟಿಯಾನು. ಆದುದರಿಂದ ಕೂಡಿ ಬರೆಯುವವರಿಗೆ ಲೇಖನಿ ಹಿಡಿಯುವ ಮೊದಲು ತಮ್ಮತಮ್ಮೊಳಗೆ ಒಂದು ಒಪ್ಪಂದ ಬೇಕಾಗುತ್ತದೆ.

ಇಂತಹ ಒಪ್ಪಂದದ ಮೇಲೆ ನಿಂತಿರುವ ದೊಡ್ಡ ಗ್ರಂಥವೆಂದರೆ ಅಂತರಜಾಲದ ವಿಕಿಪೀಡಿಯ. ಇಂಗ್ಲಿಷಿನಲ್ಲಿ ಅದು 2001ರ ಜನವರಿ 15ರಂದು ಆರಂಭವಾಯಿತು. ಕನ್ನಡದಲ್ಲಿ 2003ರ ಜೂನ್ ತಿಂಗಳಿನಲ್ಲಿ. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ಬರೆದುದನ್ನು ತಿದ್ದಬಹುದು. ಬರೆದವರಿಗೆ ಸಂಭಾವನೆಯಿಲ್ಲ, ಓದುವವರಿಗೆ ಶುಲ್ಕವಿಲ್ಲ. ಇಂದು ಕನ್ನಡದ ಈ ವಿಶ್ವಕೋಶದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ. ತಮಿಳಿನದು ಒಂದೂವರೆ ಲಕ್ಷವನ್ನು ದಾಟಿದೆ.

ಹೊಸದಾಗಿ ಬರೆಯ ಹೊರಟವನಿಗೆ ಮೊದಲು ಎದುರಾಗುವುದು ಅಲ್ಲಿಯ ನಿಯಮಗಳು. ತನ್ನೂರಿನ ಬಗ್ಗೆ ಹತ್ತು ಸಾಲು ಬರೆದು ಮರುದಿನ ನೋಡಿದರೆ ಐದು ಸಾಲು ಮಾಯವಾಗಿರುತ್ತವೆ. ಉಳಿದ ಐದರ ಮುಂದೆ ಆಧಾರ ಬೇಕೆಂಬ ಗುರುತು ಬಿದ್ದಿರುತ್ತದೆ. ‘ನನ್ನ ಊರು ನನಗೆ ತಿಳಿಯದೇ?’ ಎಂದು ಮುನಿಸಿಕೊಂಡು ಹಿಂತಿರುಗಿದವರು ಬಹಳ. ಅವರ ಮುನಿಸು ಸಹಜವೇ. ಆದರೆ ಹೀಗೆ ಅವರು ಬಿಟ್ಟುಹೋದ ಸ್ಥಳವನ್ನು ಆ ಊರನ್ನು ಕಾಣದ ಇನ್ನಾರೋ ತುಂಬುತ್ತಾರೆ, ಇಲ್ಲವೆ ಅದು ಖಾಲಿಯೇ ಉಳಿಯುತ್ತದೆ. ಕೂಡಿ ಬರೆಯುವ ಶಿಸ್ತು ಕನ್ನಡಕ್ಕೆ ಹೊಸತಲ್ಲ; ಹುಬ್ಬಳ್ಳಿ-ಧಾರವಾಡದ ಸೀಮೆಗಂತೂ ಅಲ್ಲವೇ ಅಲ್ಲ. ಅದರ ಚರಿತ್ರೆಯನ್ನು ಒಮ್ಮೆ ಹೊರಳಿ ನೋಡಿದರೆ ಈ ನಿಯಮಗಳು ಅಷ್ಟು ಪರಕೀಯವಾಗಿ ತೋರಲಾರವು.

ನಮಗೆ ದೊರೆತ ಕನ್ನಡ ಗ್ರಂಥಗಳಲ್ಲಿ ಅತಿ ಪ್ರಾಚೀನವಾದ ‘ಕವಿರಾಜಮಾರ್ಗ’ವೇ ಒಂದು ಬಗೆಯ ಶೈಲಿಯ ಕೈಪಿಡಿ. ರಾಷ್ಟ್ರಕೂಟ ಅರಸನಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಶ್ರೀವಿಜಯನು ಅದನ್ನು ರಚಿಸಿದನು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿ, ಅದರೊಳಗೆ ತಿರುಳ್ಗನ್ನಡದ ನೆಲವನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳಿಂದ ಅವನು ಗುರುತಿಸುತ್ತಾನೆ. ಇವು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಹುಬ್ಬಳ್ಳಿಯವರಿಗೆ ಲಕ್ಷ್ಮೇಶ್ವರ ನೆರೆಯ ಊರು. ಕನ್ನಡದೊಳಗೆ ಅನೇಕ ಕನ್ನಡಗಳಿವೆಯೆಂಬುದನ್ನು ಆತ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡೂ ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಎಲ್ಲಿ ಬೆಸೆಯಬಾರದು, ಎಲ್ಲಿ ಬೆಸೆದರೆ ಕಿವಿಗೆ ಹಿತವಲ್ಲ ಎಂದು ನಿಯಮ ಹೇಳುತ್ತಾನೆ. ಬಳಕೆಯ ವೈವಿಧ್ಯವನ್ನು ಮನ್ನಿಸುವುದೂ ಬರಹಕ್ಕೊಂದು ಕಟ್ಟು ಹಾಕುವುದೂ ಜೊತೆಜೊತೆಗೆ ಸಾಗಬಲ್ಲವೆಂಬುದನ್ನು ನಮ್ಮವರು ಅಂದೇ ಕಂಡುಕೊಂಡಿದ್ದರು.

ಮುಂದೆ ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದನು. ಮಳೆಯ ಲಕ್ಷಣ, ಬಾವಿಗೆ ನೀರು ನೋಡುವ ಬಗೆ, ಗಿಡಮರಗಳ ಆರೈಕೆ, ಅಡಿಗೆ, ದನಕರುಗಳ ಚಿಕಿತ್ಸೆ ಮುಂತಾದ ದಿನಬಳಕೆಯ ತಿಳಿವಳಿಕೆಯನ್ನು ಒಂದೆಡೆ ಸೇರಿಸಿದ ಗ್ರಂಥವಿದು. ಇದನ್ನು ಕನ್ನಡದ ಹಳೆಯ ವಿಶ್ವಕೋಶವೆಂದು ಕರೆಯುವುದುಂಟು. ಆದರೆ ಅದು ಒಂದೇ ಕೈಯ ಕೆಲಸ.

ಹಲವು ಕೈಗಳ ಕೆಲಸ ನಮ್ಮ ಕಡೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಶಾಲೆಗಳ ಮೂಲಕ. 1818ರಲ್ಲಿ ಪೇಶ್ವೆಯರ ಆಡಳಿತ ಮುಗಿದು ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿತು. ಕಚೇರಿಗಳಲ್ಲಿ, ಶಾಲೆಗಳಲ್ಲಿ ಮರಾಠಿಯೇ ಬಹುಕಾಲ ನಡೆಯಿತು. ಶಿಕ್ಷಣಾಧಿಕಾರಿಯಾಗಿ ಬಂದ ರಸೆಲ್ ಸಾಹೇಬರ ಬೆಂಬಲದಿಂದಲೂ, ‘ಡೆಪ್ಯುಟಿ’ ಎಂಬ ಹುದ್ದೆಯ ಹೆಸರಿನಿಂದಲೇ ಪ್ರಸಿದ್ಧರಾದ ಚನ್ನಬಸಪ್ಪನವರ (1834–1881) ದುಡಿಮೆಯಿಂದಲೂ ಕನ್ನಡ ಶಾಲೆಗಳು ತಲೆಯೆತ್ತಿದವು. ಶಾಲೆ ಬಂದ ಮೇಲೆ ಪುಸ್ತಕ ಬೇಕು. ಪುಸ್ತಕ ಬಂದ ಮೇಲೆ ಎಲ್ಲ ಊರುಗಳ ಮಾಸ್ತರರೂ ಒಪ್ಪುವ ಕಾಗುಣಿತ ಬೇಕು, ಗಣಿತಕ್ಕೂ ಭೂಗೋಲಕ್ಕೂ ಒಂದೇ ಪರಿಭಾಷೆ ಬೇಕು. ಇವನ್ನೆಲ್ಲ ಆ ತಲೆಮಾರಿನ ಮಾಸ್ತರರು ಕೂಡಿ ಕಟ್ಟಿಕೊಳ್ಳಬೇಕಾಯಿತು. ಅದೇ ತಲೆಮಾರಿನ ವೆಂಕಟ ರಂಗೋ ಕಟ್ಟಿಯವರು 1893ರಲ್ಲಿ ಮುಂಬಯಿ ಕರ್ನಾಟಕದ ಗ್ಯಾಜೆಟಿಯರನ್ನು ಕನ್ನಡದಲ್ಲಿಯೇ ಹೊರತಂದರು. ಸರಕಾರ ಇಂಗ್ಲಿಷಿನಲ್ಲಿ ಕೂಡಿಹಾಕಿದ ಬಗೆಯ ಮಾಹಿತಿ, ಅಂದರೆ ಊರು, ನದಿ, ಬೆಳೆ, ಚರಿತ್ರೆಗಳ ವಿವರ, ಈ ನೆಲದವನ ಕೈಗೆ ಅವನ ಭಾಷೆಯಲ್ಲಿ ಸಿಕ್ಕಿತು.

1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1896ರಿಂದ ಅದರ ‘ವಾಗ್ಭೂಷಣ’ ಪತ್ರಿಕೆ ಹೊರಟಿತು. ಆಗ ಕನ್ನಡಿಗರು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಒಂದೊಂದು ಭಾಗದ ಬರಹಕ್ಕೆ ಒಂದೊಂದು ರೂಢಿ. ಧಾರವಾಡದ ಹಳೆಯ ಮುದ್ರಿತ ಪುಸ್ತಕಗಳಲ್ಲಿ ‘ಮಾಡುವದು’, ‘ಯಾವದು’ ಎಂದಿದ್ದರೆ ಮೈಸೂರಿನ ಪುಸ್ತಕಗಳಲ್ಲಿ ‘ಮಾಡುವುದು’, ‘ಯಾವುದು’ ಎಂದಿರುತ್ತದೆ. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗಲೂ ಈ ಹಂಚಿಹೋದ ಕನ್ನಡವನ್ನು ಹತ್ತಿರ ತರುವುದು ಅದರ ಮುಖ್ಯ ಆಶಯಗಳಲ್ಲೊಂದಾಗಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದಾಗ ಇದೇ ಪ್ರಶ್ನೆ ಕಿವಿಯ ಮಾತಾಗಿ ಬಂದಿತು: ಕಾರವಾರದವನಿಗೂ ವಿಜಾಪುರದವನಿಗೂ ಒಂದೇ ಮಾತು ತಿಳಿಯಬೇಕು. 1956ರ ನವೆಂಬರ್ 1ರಂದು ನಾಡು ಒಂದಾಗುವ ಎಷ್ಟೋ ಮೊದಲೇ, ಅದನ್ನು ಒಂದುಗೂಡಿಸುವ ಕೆಲಸ ಪಠ್ಯಪುಸ್ತಕ, ಪತ್ರಿಕೆ, ಬಾನುಲಿಗಳಲ್ಲಿ ನಡೆದಿತ್ತು.

ಇನ್ನು ಮುದ್ರಿತ ವಿಶ್ವಕೋಶಗಳು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಒಬ್ಬರೇ ರಚಿಸಿದರು. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದು ಒಟ್ಟು ಹದಿನಾಲ್ಕು ಸಂಪುಟಗಳವರೆಗೆ ಬೆಳೆಯಿತು. ಅಲ್ಲಿ ನೂರಾರು ವಿದ್ವಾಂಸರು ಬರೆದರು. ಆದರೆ ಬರೆದುದನ್ನು ಒಂದು ಹದಕ್ಕೆ ತರುವ ಸಂಪಾದಕ ಮಂಡಲಿ ಇತ್ತು. ಮಂಡಲಿಯ ಕೆಂಪು ಮಸಿ ಏನನ್ನು ಹೊಡೆದುಹಾಕಿತೆಂಬುದು ಓದುಗನಿಗೆ ಕಾಣುವಂತಿರಲಿಲ್ಲ. 2014ರಲ್ಲಿ ವಿಶ್ವವಿದ್ಯಾಲಯವು ಆ ಕೋಶದ ಕೆಲವು ಸಂಪುಟಗಳನ್ನು ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದರಿಂದ ಆ ವಿದ್ವಾಂಸರ ಶ್ರಮ ವಿಕಿಪೀಡಿಯದ ಪುಟಗಳಿಗೂ ಹರಿಯಿತು. ಇದು ದೊಡ್ಡ ಮನಸ್ಸಿನ ಕೆಲಸ.

ವಿಕಿಪೀಡಿಯದಲ್ಲಿ ಕೆಂಪು ಮಸಿ ಎಲ್ಲರ ಕೈಯಲ್ಲಿದೆ, ಹೊಡೆದುಹಾಕಿದ್ದೂ ಎಲ್ಲರಿಗೂ ಕಾಣುತ್ತದೆ. ಪ್ರತಿ ಲೇಖನಕ್ಕೂ ಒಂದು ‘ಇತಿಹಾಸ’ದ ಪುಟ, ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ ಏನನ್ನು ಬದಲಿಸಿದರೆಂಬುದು ಅದರಲ್ಲಿ ಉಳಿಯುತ್ತದೆ. ಪ್ರತಿ ಲೇಖನಕ್ಕೂ ಒಂದು ‘ಚರ್ಚೆ’ಯ ಪುಟ, ಭಿನ್ನಾಭಿಪ್ರಾಯವನ್ನು ಲೇಖನದಲ್ಲಿ ಕಾದಾಡದೆ ಅಲ್ಲಿ ಮಾತಾಡಿ ಬಗೆಹರಿಸಬೇಕು, ಮಾತಿನ ಕೊನೆಗೆ ಸಹಿ ಹಾಕಬೇಕು. ಇಡೀ ಸಮುದಾಯ ಸೇರುವ ಪುಟಕ್ಕೆ ಕನ್ನಡಿಗರು ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಹೊಸಬರು ಕೈ ಪಳಗಿಸಿಕೊಳ್ಳಲು ‘ಪ್ರಯೋಗಪುಟ’ವಿದೆ, ಅಕ್ಷರಾಭ್ಯಾಸದ ಹುಡುಗನ ಪಾಟಿ ಇದ್ದಂತೆ ಅದು, ಬರೆದು ಅಳಿಸಿದರೆ ಯಾರೂ ಕೇಳುವುದಿಲ್ಲ.

ಮೊದಲ ಪಾಠ ಅಕ್ಷರದ್ದು. ಅನುಸ್ವಾರದ ಬಿಂದುವನ್ನು ಒತ್ತುವ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದರೆ ಕಣ್ಣಿಗೆ ಎರಡೂ ಒಂದೇ. ಗಣಕಯಂತ್ರಕ್ಕೆ ಬೇರೆ ಬೇರೆ. ಹಾಗೆ ಬರೆದ ಪದವನ್ನು ಹುಡುಕಿದವನಿಗೆ ಅದು ಸಿಕ್ಕುವುದೇ ಇಲ್ಲ. ಹೆಸರುಗಳದೂ ಇದೇ ಪಾಡು. ಕನ್ನಡದಲ್ಲಿ ಊರಿನ ಹೆಸರು ಮೊದಲಿನಿಂದ ಹುಬ್ಬಳ್ಳಿಯೇ. ಇಂಗ್ಲಿಷ್ ಬರಹದಲ್ಲಿ ‘ಹುಬ್ಲಿ’ ಎಂದಿದ್ದುದು 2014ರ ನವೆಂಬರ್ 1ರಂದು ಅಧಿಕೃತವಾಗಿ ‘ಹುಬ್ಬಳ್ಳಿ’ಯಾಯಿತು. ಲೇಖನದ ತಲೆಬರಹ ಒಂದೇ ಇರಬೇಕು, ಆದರೆ ಹಳೆಯ ಹೆಸರಿನಿಂದ ಹುಡುಕಿ ಬಂದವನನ್ನೂ ಅದೇ ಪುಟಕ್ಕೆ ಕರೆತರುವ ಏರ್ಪಾಡು ಮಾಡಬಹುದು. ಮುದ್ರಿತ ಕೋಶದಲ್ಲಿ ಇದಕ್ಕೆ ಸ್ಥಳದ ಅಭಾವವಿತ್ತು, ಇಲ್ಲಿ ಇಲ್ಲ. ಹೀಗಾಗಿ ಪುಟದ ತಲೆಬರಹ ಒಂದೇ ಆದರೂ ಒಂದು ವಸ್ತುವಿಗೆ ಆಯಾ ಸೀಮೆಯವರು ಇಟ್ಟ ಹೆಸರು ಸಾಯಬೇಕಾಗಿಲ್ಲ.

ಎರಡನೆಯ ಪಾಠ ಕಾಲದ್ದು. ಜಗತ್ತಿನ ಅತಿ ಉದ್ದದ ರೈಲು ಪ್ಲಾಟ್‌ಫಾರ್ಮ್ ಗೋರಖಪುರದ್ದು, ಉದ್ದ 1,366 ಮೀಟರ್ ಎಂಬುದು ಒಂದು ಕಾಲಕ್ಕೆ ನಿಜವಾಗಿತ್ತು. 2023ರ ಮಾರ್ಚ್ 12ರಂದು ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದ ಮೇಲೆ ಆ ವಾಕ್ಯ ಸುಳ್ಳಾಯಿತು. ನಮ್ಮದನ್ನೂ ಯಾರಾದರೂ ಮೀರಿಸಿದಾಗ ನಮ್ಮ ವಾಕ್ಯವೂ ಸುಳ್ಳಾಗುವುದು. ವರ್ಷವನ್ನು ಸೇರಿಸಿ ಬರೆದ ವಾಕ್ಯ ಮಾತ್ರ ಎಂದಿಗೂ ಸುಳ್ಳಾಗದು.

ಮೂರನೆಯದು ಹೊಗಳಿಕೆಯ ಪಾಠ. ಬೇಂದ್ರೆಯವರನ್ನು ‘ಅದ್ವಿತೀಯ’, ‘ಮಹಾನ್’ ಎಂದು ಬರೆದರೆ ಆ ವಿಶೇಷಣ ಉಳಿಯುವುದಿಲ್ಲ. ಅವರು 1896ರ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದರು, ‘ನಾಕು ತಂತಿ’ಗೆ 1973ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಿತು ಎಂದು ಬರೆದರೆ ಉಳಿಯುತ್ತದೆ, ಓದುಗನೇ ಮಿಕ್ಕುದನ್ನು ಊಹಿಸಿಕೊಳ್ಳುತ್ತಾನೆ. ಆದರೆ ‘ಹುಟ್ಟಿದ’ ಎನ್ನದೆ ‘ಹುಟ್ಟಿದರು’ ಎನ್ನುವುದು ಹೊಗಳಿಕೆಯಲ್ಲ, ನಮ್ಮ ನುಡಿಯ ಮರ್ಯಾದೆ. ಇಂಗ್ಲಿಷಿನ ನಿಯಮವನ್ನು ಕಣ್ಣುಮುಚ್ಚಿ ತಂದು ಕನ್ನಡಕ್ಕೆ ತೊಡಿಸಿದರೆ ಇಂತಲ್ಲಿ ಹೊಂದುವುದಿಲ್ಲ. ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬುದನ್ನು ಅರಳಿ ಕಟ್ಟೆಯಲ್ಲಿ ಕುಳಿತು ಕನ್ನಡಿಗರೇ ನಿಶ್ಚಯಿಸಬೇಕು.

ಎಲ್ಲಕ್ಕಿಂತ ಕಠಿಣವಾದುದು ನಿಷ್ಪಕ್ಷಪಾತದ ಪಾಠ. ಮಹಾದಾಯಿಯ ನೀರು ಹುಬ್ಬಳ್ಳಿ-ಧಾರವಾಡದವರಿಗೆ ಕುಡಿಯುವ ನೀರಿನ ಪ್ರಶ್ನೆ. ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಹಂಚಿತು. ಆಮೇಲೂ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನಲ್ಲಿಯ ನೀರಿಗಾಗಿ ದಿನಗಟ್ಟಲೆ ಕಾದವನು ಈ ಲೇಖನವನ್ನು ಬರೆಯುವಾಗ ತನ್ನ ಕಷ್ಟವನ್ನು ಬರೆಯಬಹುದು, ಬರೆಯಲೇಬೇಕು. ನದಿಯ ಕೆಳಗಿನ ದಂಡೆಯವರ, ಕಾಡಿನ ಬಗ್ಗೆ ಕಳವಳಪಡುವವರ ವಾದವನ್ನೂ ಅವರು ಒಪ್ಪುವಂತೆ ಬರೆಯಬೇಕು. ಇದನ್ನು ಕಲಿತವನು ವಿಶ್ವಕೋಶಕ್ಕೆ ಮಾತ್ರವಲ್ಲ, ಊರಿನ ಪಂಚಾಯಿತಿಗೂ ಬೇಕಾದವನು.

ಕಲಿಯದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಿದರ್ಶನವುಂಟು. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯು ಇಂಗ್ಲಿಷ್ ಲೇಖನಗಳನ್ನು ಯಂತ್ರದ ನೆರವಿನಿಂದ ಅನುವಾದಿಸಿ ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಭಾಷೆಗಳ ವಿಕಿಪೀಡಿಯಗಳಿಗೆ ಸೇರಿಸಿತು. ಲೇಖನಗಳ ಗಾತ್ರ ಬೆಳೆಯಿತು, ಓದಿದವರ ಉಸಿರು ಕಟ್ಟಿತು. ಪದಗಳು ಕನ್ನಡದವು, ವಾಕ್ಯ ಕನ್ನಡದ್ದಲ್ಲ. ಬಂಗಾಳಿಗಳು ಇಂಥವನ್ನು ಒಪ್ಪದೆ ತಡೆದರು. ತಮಿಳರು ಕರಾರು ಹಾಕಿದರು. ತಡೆಯಲು ಅವರಿಗೆ ಸಾಧ್ಯವಾದದ್ದು ನಿಯಮ ಬಲ್ಲ ಬರಹಗಾರರ ಗುಂಪು ಅವರಲ್ಲಿ ಆಗಲೇ ಬಲವಾಗಿದ್ದುದರಿಂದ.

ಈ ನಿಯಮಗಳಲ್ಲಿ ಕೊರತೆ ಇಲ್ಲವೆಂದಲ್ಲ. ಅಚ್ಚಾದ ಆಧಾರವಿಲ್ಲದ ಸಂಗತಿಗೆ ಅಲ್ಲಿ ಸ್ಥಳವಿಲ್ಲ. ಎರೆಹೊಲದಲ್ಲಿ ಹಿಂಗಾರಿ ಬಿತ್ತುವಾಗ ಕೂರಿಗೆಯನ್ನು ಹೇಗೆ ಹೂಡುತ್ತಾರೆ, ಹಗೇವಿನಲ್ಲಿ ಜೋಳವನ್ನು ಕೆಡದಂತೆ ಹೇಗೆ ಇಡುತ್ತಿದ್ದರು ಎಂಬುದನ್ನು ಬಲ್ಲ ಮುದುಕರು ಗ್ರಂಥ ಬರೆದವರಲ್ಲ. ಅವರ ಮಾತು ‘ಆಧಾರ’ವಾಗದಿದ್ದರೆ ಅವರೊಡನೆ ಆ ತಿಳಿವಳಿಕೆಯೂ ಹೋಗುತ್ತದೆ. ಇದಕ್ಕೆ ಪರಿಹಾರ ನಿಯಮವನ್ನು ಮುರಿಯುವುದರಲ್ಲಿಲ್ಲ, ಒಂದು ಹೆಜ್ಜೆ ಹಿಂದಿನಿಂದ ಕೆಲಸ ತೊಡಗುವುದರಲ್ಲಿದೆ. ಮೊದಲು ಆ ಮಾತನ್ನು ಕೇಳಿ ಬರೆದು, ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅಚ್ಚು ಹಾಕಿಸಬೇಕು. ಆಮೇಲೆ ಅದನ್ನು ಆಧಾರವಾಗಿ ತೋರಿಸಿ ವಿಶ್ವಕೋಶಕ್ಕೆ ಸೇರಿಸಬೇಕು. ಕಟ್ಟಿಯವರ ಕಾಲದಿಂದಲೂ ಈ ಊರಿಗೆ ಅಚ್ಚಿನ ಕೆಲಸ ಗೊತ್ತು. ಸಂಘ, ವಿಶ್ವವಿದ್ಯಾಲಯ, ಪ್ರಕಾಶಕರು ಎಲ್ಲವೂ ಇಲ್ಲಿವೆ.

ಕಾಲೇಜಿನ ಓರ್ವ ವಿದ್ಯಾರ್ಥಿನಿ ರಜೆಯಲ್ಲಿ ತನ್ನ ಹಳ್ಳಿಗೆ ಹೋದಾಗ ಅಜ್ಜನಿಂದ ಹಗೇವಿನ ಅಳತೆಯನ್ನು ಕೇಳಿ ಬರೆದುಕೊಂಡರೆ, ಅದು ಒಂದು ಮಾಸಪತ್ರಿಕೆಯಲ್ಲಿ ಅಚ್ಚಾದರೆ, ಬಳಿಕ ಬೇರೊಬ್ಬ ಅದನ್ನು ಆಧಾರವಿಟ್ಟು ನಾಲ್ಕು ಸಾಲು ಸೇರಿಸಿದರೆ, ಮೂರನೆಯವನು ಅದರ ಕಾಗುಣಿತ ತಿದ್ದಿದರೆ, ನಾಲ್ವರ ಕೈ ಕೂಡಿ ಒಂದು ತಿಳಿವಳಿಕೆ ಉಳಿಯಿತು. ಇದಕ್ಕೆ ಬೇಕಾದ ನಿಯಮಗಳನ್ನು ಕಲಿಯಲು ಒಂದು ವಾರ ಸಾಕು.